ಎಲಿಫಲೆಟ್ ಥಾರ್ಪ್ ಕುರ್ಚಿಯಲ್ಲಿರಲಿಲ್ಲ

ಫೆಬ್ರವರಿ 2, 2014. ಭಾನುವಾರ. ಬೆಳಿಗ್ಗೆ 6:40

ಪ್ರೆಸ್ಸಿನ ವ್ಯಾನ್ ಇನ್ನೂ ಬಂದಿಲ್ಲ. ಕರಾಮದ ಫುಟ್‌ಪಾತ್ ಮೇಲೆ ನಿಂತೇ ಬರೆಯುತ್ತಿದ್ದೇನೆ. ನಿನ್ನೆ ಸಂಜೆ ಶಿವು ರುವೈಸ್‌ಗೆ ವಾಪಸ್. ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿಯ ಡಬ್ಬಿ ಟೇಬಲ್ ಮೇಲೆಯೇ ಇದೆ. ಗಂಡ ರಿಫೈನರಿಯಲ್ಲಿ, ಹೆಂಡತಿ ದುಬೈಯಲ್ಲಿ, ವಾರಕ್ಕೆ ಒಂದೂವರೆ ದಿನದ ಸಂಸಾರ — ಡಬ್ಬಿ ಮರೆಯುವುದಕ್ಕೂ ಅಷ್ಟರಲ್ಲೇ ಟೈಮ್ ಹುಡುಕಬೇಕು.

ಕಳೆದ ವಾರ ಪೂರ್ತಿ ಟೈರ್ ಕಂಪನಿಯ ಕ್ಯಾಟಲಾಗ್. ಇವತ್ತು ‘ಸರಿಯಾದ ಪುಸ್ತಕ’ ಒಂದು ಬರುತ್ತದೆ ಎಂದಿದ್ದಾರೆ ಪ್ರೆಸ್ಸಿನ ಮಾಲೀಕರು, ಲಿಯೊನೆಲ್ ಸರ್. ನೋಡೋಣ.

ಅದೇ ದಿನ, ಸಂಜೆ 8

ಬಂತು. ತಂದವರು ಮಿಸೆಸ್ ಡೊರೊತಿ ಥಾರ್ಪ್, ಅಮೆರಿಕದವರು, ಎಪ್ಪತ್ತೊಂಬತ್ತು ವರ್ಷ. ಅಬುಧಾಬಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಟ್ಯಾಕ್ಸಿಯಿಂದ ಇಳಿದು ನಮ್ಮ ಪ್ರೆಸ್ ಇರುವ ಅಲ್ ಕೂಜ್‌ನ ಧೂಳಿನಲ್ಲಿ ಊರುಗೋಲು ಊರುತ್ತಾ ಒಬ್ಬರೇ ಬಂದರು. ತಮ್ಮ ಮುತ್ತಜ್ಜನ ಜೀವನಚರಿತ್ರೆ ಬರೆದಿದ್ದಾರೆ, ಏಳು ವರ್ಷ ಹಿಡಿದಿದೆ. ಜುಲೈಯಲ್ಲಿ ಊರಲ್ಲಿ ಕುಟುಂಬದವರೆಲ್ಲ ಸೇರುತ್ತಾರಂತೆ, ಅಷ್ಟರಲ್ಲಿ ಅರವತ್ತು ಪ್ರತಿ ಬೇಕು.

ಮುತ್ತಜ್ಜನ ಹೆಸರು ಎಲಿಫಲೆಟ್ ಥಾರ್ಪ್. ಸಾವಿರದ ಎಂಟುನೂರ ಐವತ್ತರ ಹೊತ್ತಿಗೆ ನ್ಯೂಯಾರ್ಕ್ ರಾಜ್ಯದ ಒಂದು ಸಣ್ಣ ಊರಿಂದ ಕಾಂಗ್ರೆಸ್ಸಿಗೆ, ಅಂದರೆ ಅವರ ಪಾರ್ಲಿಮೆಂಟಿಗೆ, ಹೋದವರು. ಒಂದೇ ಒಂದು ಸಲ.

‘ಯಾರೂ ಕೇಳಿರದ ಮನುಷ್ಯ, ಆದರೆ ನಮ್ಮವನು’ ಎಂದರು. ನನಗೆ ಇಷ್ಟವಾದರು.

ಏಳಕ್ಕೆ ಶಿವು ಫೋನ್ ಮಾಡಿದಾಗ ಹೇಳಿದೆ. ಹೆಸರು ‘ಎಲಿಫೆಂಟ್’ ಎಂದು ಕೇಳಿಸಿ ನಕ್ಕರು. ಆಗಲೇ ‘ಆನಿ ಸಾಹೇಬ್ರು’ ಎಂದು ನಾಮಕರಣ ಆಗಿಹೋಯಿತು.

ಫೆಬ್ರವರಿ 5. ಬುಧವಾರ. ಊಟದ ಹೊತ್ತು

ಮೂರು ಅಧ್ಯಾಯ ಟೈಪ್ ಆಯಿತು. ಚರ್ಮ ಹದ ಮಾಡುವವರ ಮಗ. ಕೈಯ ವಾಸನೆ ಹೋಗಲಿ ಎಂದು ದಿನಾ ಹೊಳೆಯಲ್ಲಿ ತಿಕ್ಕಿ ತೊಳೆದು ಶಾಲೆಗೆ ಹೋಗುತ್ತಿದ್ದನಂತೆ. ಹದಿನೇಳಕ್ಕೆ ತಾನೇ ಮಾಸ್ತರ. ಆಮೇಲೆ ಒಬ್ಬ ವಕೀಲರ ಕಚೇರಿಯಲ್ಲಿ ಕಸ ಗುಡಿಸುತ್ತಾ ಕಾನೂನು ಓದಿದ. ರಾಜ್ಯದ ಶಾಸನಸಭೆಗೆ ಮೊದಲ ಸಲ ಗೆದ್ದಾಗ ಊರಿಗೆ ಒಂದು ಸೇತುವೆ ಬೇಕೆಂದು ಮೂರು ಗಂಟೆ ಭಾಷಣ. ಮುಗಿಯುವಾಗ ಸಭೆಯಲ್ಲಿ ಹನ್ನೊಂದು ಜನ ಉಳಿದಿದ್ದರು. ಅದರಲ್ಲಿ ಇಬ್ಬರು ನಿದ್ದೆ.

ಸೇತುವೆ ಮಾತ್ರ ಆಯಿತು!

ಬಹುವಚನದಲ್ಲಿ ಶುರು ಮಾಡಿದ್ದೆ, ಯಾವಾಗ ಏಕವಚನಕ್ಕೆ ಬಂದೆನೋ ಗೊತ್ತಿಲ್ಲ. ಮನೆಯವನಾಗಿಬಿಟ್ಟಿದ್ದಾನೆ.

ಫೆಬ್ರವರಿ 11. ಮಂಗಳವಾರ

ವಾಷಿಂಗ್ಟನ್ ತಲುಪಿದ. ಅಲ್ಲಿ ಸದಸ್ಯರೆಲ್ಲ ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದು ಮೆಸ್‌ಗಳಲ್ಲಿ ಇರುತ್ತಿದ್ದರಂತೆ. ಒಂದು ರೂಮಿಗೆ ಇಬ್ಬರು ಮೂವರು. ಕರಾಮದ ಬೆಡ್ ಸ್ಪೇಸ್! ಹೆಂಡತಿ ಲುಸಿಂಡಾಗೆ ವಾರಕ್ಕೆರಡು ಕಾಗದ. ಕುರಿಮಾಂಸ ಬೇಯುವುದೇ ಇಲ್ಲ. ಪಕ್ಕದ ಹಾಸಿಗೆಯ ಓಹಾಯೋದವನ ಗೊರಕೆ. ಕಾಲುಚೀಲ ಕಳಿಸು. ಚಿಕ್ಕ ಮಗಳು ಆ್ಯಬಿ ಮಾತಾಡುತ್ತಾಳೆಯೇ? ನನ್ನ ಹೆಸರು ಹೇಳುತ್ತಾಳೆಯೇ?

ಫೋನಿನಲ್ಲಿ ಓದಿ ಹೇಳಿದೆ. ಶಿವುಗೆ ಈಗ ಚಟ ಹಿಡಿದಿದೆ. ಶಿಫ್ಟ್ ಮುಗಿದ ಕೂಡಲೇ ಅದೇ ಪ್ರಶ್ನೆ. “ಏನ್ ಮಾಡ್ಯಾರ ಇವತ್ತ ಆನಿ ಸಾಹೇಬ್ರು?” ಅವರ ರೂಮಿನ ಬಾಳಪ್ಪನವರೂ ಕೇಳುತ್ತಾರಂತೆ. ಬಾಳಪ್ಪನವರ ಹೆಂಡತಿ ರುದ್ರವ್ವ ಊರಿಂದ ಬರುವ ತನಕ ಇಬ್ಬರೂ ಒಂದೇ ರೂಮು, ಒಂದೇ ಕುಕ್ಕರ್.

ಫೆಬ್ರವರಿ 16. ಭಾನುವಾರ

ಫೋಟೊ ಸ್ಕ್ಯಾನ್ ಮಾಡುವ ದಿನ. ಎರಡೇ ಚಿತ್ರ. ಕಾಂಗ್ರೆಸ್ಸಿಗೆ ಹೊರಟಾಗಿನದು: ನುಣ್ಣಗೆ ಹೆರೆದ ಗಲ್ಲ, ಎತ್ತಿದ ಗದ್ದ, ಮದುವೆ ಗಂಡಿನ ಹಾಗೆ. ನಾಲ್ಕು ವರ್ಷದ ನಂತರದ್ದು: ಎದೆ ಮುಟ್ಟುವ ಗಡ್ಡ, ಕಣ್ಣು ಕ್ಯಾಮೆರಾ ಬಿಟ್ಟು ಬೇರೆಲ್ಲೋ. ನಾಲ್ಕು ವರ್ಷಕ್ಕೆ ಇಷ್ಟು ಬದಲಾಗುತ್ತಾರೆಯೇ? ಶೀನಪ್ಪ ಬೈಂಡಿಂಗ್ ಬಿಟ್ಟು ಬಂದು ನೋಡಿ, ಇವರಿಬ್ಬರೂ ಅಣ್ಣ ತಮ್ಮನಾ ಎಂದರು.

ಫೆಬ್ರವರಿ 18. ಮಂಗಳವಾರ. ಸಂಜೆ 6

ತಪ್ಪು ಸಿಕ್ಕಿದೆ. ಸಣ್ಣದಲ್ಲ.

ಒಂಬತ್ತನೆಯ ಅಧ್ಯಾಯ ಪುಸ್ತಕದ ಶಿಖರ. 1850, ಸೆಪ್ಟೆಂಬರ್ 12. ತಪ್ಪಿಸಿಕೊಂಡು ಓಡಿಬಂದ ಗುಲಾಮರನ್ನು ದೇಶದ ಯಾವ ಮೂಲೆಯಲ್ಲಿದ್ದರೂ ಹಿಡಿದು ಒಡೆಯನಿಗೆ ಒಪ್ಪಿಸಬೇಕು ಎಂಬ ಕಾನೂನಿಗೆ ಮತ ಹಾಕುವ ದಿನ. ಎಲಿಫಲೆಟ್ ಎದ್ದು ನಿಂತು ಕಿಟಕಿ ಗಾಜು ಅದುರುವಂತೆ ‘ಬೇಡ’ ಎಂದ. ಮನೆತನದಲ್ಲಿ ತಲೆಮಾರಿನಿಂದ ಹೇಳಿಕೊಂಡು ಬಂದ ಕಥೆ. ಮಿಸೆಸ್ ಡೊರೊತಿಗೆ ಅಜ್ಜಿ ಹೇಳಿದ್ದು. ಟೈಪ್ ಮಾಡುವಾಗ ನನಗೂ ಮೈ ನವಿರೆದ್ದಿತ್ತು.

ಇವತ್ತು ಪುಸ್ತಕದ ಕೊನೆಗೆ ಸೇರಿಸಬೇಕಾದ ಕಾಗದಗಳು. ಅದರಲ್ಲೊಂದು ಲುಸಿಂಡಾಗೆ. ‘ನಾಡಿದ್ದು ಕಾಲುವೆಯ ದೋಣಿ ಹತ್ತುತ್ತೇನೆ, ಕಟ್ಟೆಗೆ ಗಾಡಿ ಕಳಿಸು.’ ಬರೆದ ಊರು ಆಲ್ಬನಿ. ವಾಷಿಂಗ್ಟನ್ನಿಂದ ಆ ಕಾಲಕ್ಕೆ ಎರಡು ದಿನದ ದಾರಿ. ತಾರೀಕು ಸೆಪ್ಟೆಂಬರ್ 12.

ಎರಡು ಸಲ ನೋಡಿದೆ. ಅದೇ ತಾರೀಕು. ಅವತ್ತಿನ ಮತದಾನದ ಹೆಸರುಗಳೆಲ್ಲ ನೆಟ್‌ನಲ್ಲಿವೆ. ಹುಡುಕಿದೆ. ‘ಹೌದು’ ಎಂದವರಲ್ಲಿ ಅವನಿಲ್ಲ. ‘ಬೇಡ’ ಎಂದವರಲ್ಲೂ ಇಲ್ಲ.

ಇನ್ನೊಂದು ಕಾಗದ ಇದೆ. ಲುಸಿಂಡಾ ಬರೆದದ್ದು. ‘ಆ್ಯಬಿಯ ಜ್ವರ ಬಿಟ್ಟಿತು, ಗಂಜಿ ಕುಡಿದಳು. ನೀನು ಬರಬೇಡ. ನಿನ್ನ ಕೆಲಸ ಮುಗಿಸು.’ ಬಂದ ಕಾಗದದ ಹಿಂದೆ ಕೈಸೇರಿದ ತಾರೀಕು ಬರೆದಿಡುವುದು ಅವನ ಅಭ್ಯಾಸ. ಬರೆದಿದ್ದಾನೆ. ಸೆಪ್ಟೆಂಬರ್ 9.

ಅಂದರೆ ಮಗು ಗುಣವಾಗಿದೆ ಎಂದು ಗೊತ್ತಿತ್ತು. ಗೊತ್ತಿದ್ದೂ ಮಾರನೆಯ ದಿನ ಹೊರಟ. ಆಲ್ಬನಿಯಲ್ಲಿ ಎರಡು ದಿನ ಸುಮ್ಮನೆ ಕೂತ. ಮಗುವಿಗಾಗಿ ಓಡಿದವನು ಹಾಗೆ ಕೂರುತ್ತಾನೆಯೇ?

ಮತ ಹಾಕುವುದರಿಂದ ತಪ್ಪಿಸಿಕೊಂಡಿದ್ದಾನೆ...

ಫೆಬ್ರವರಿ 19. ಬುಧವಾರ

ಲಿಯೊನೆಲ್ ಸರ್‌ಗೆ ತೋರಿಸಿದೆ. ಕನ್ನಡಕ ಹಣೆಗೇರಿಸಿ ಓದಿದರು. “ನಿನ್ಗೆ ಯಾಕೆ ಬೇಕಿತ್ತು ಮಾರಾಯ್ತಿ ಇದೆಲ್ಲ? ಕಾಮಾ ಫುಲ್‌ಸ್ಟಾಪ್ ನೋಡಿದ್ರೆ ಸಾಕಿತ್ತಲ್ಲ.” ಅಷ್ಟು ವಯಸ್ಸಾದ ಹೆಂಗಸು, ಏಳು ವರ್ಷದ ಕೆಲಸ, ಹೇಳಿದರೆ ಮನಸ್ಸು ಮುರಿಯುತ್ತದೆ ಎಂದರು. ಹೇಳಬೇಡ ಎಂದು ಮಾತ್ರ ಹೇಳಲಿಲ್ಲ.

ಸಂಜೆ ಶಿವುಗೆ ಪೂರ್ತಿ ವಿವರಿಸಿದೆ. ಜ್ವರ, ಕಾಗದ, ತಾರೀಕು. ಅವರು ನಗುತ್ತಾರೆ, ಆನಿ ಸಾಹೇಬ್ರಿಗೆ ನಾಲ್ಕು ಬೈಯುತ್ತಾರೆ ಅಂದುಕೊಂಡಿದ್ದೆ. ನಗಲೂ ಇಲ್ಲ, ಬೈಯಲೂ ಇಲ್ಲ. ಹೇಳಬ್ಯಾಡ ಬಿಡು ಆಕಿಗೆ, ಸತ್ತವರದು ಯಾಕ — ಎಂದು ಫೋನ್ ಇಟ್ಟುಬಿಟ್ಟರು.

ಈ ವಾರ ಓವರ್‌ಟೈಮ್, ಬರಲಾಗುವುದಿಲ್ಲ ಎಂದು ಆಮೇಲೆ ಮೆಸೇಜ್.

ಫೆಬ್ರವರಿ 23. ಭಾನುವಾರ

ಹೇಳಿದೆ. ಮಿಸೆಸ್ ಡೊರೊತಿ ಪ್ರೂಫ್ ನೋಡಲು ಬಂದಿದ್ದರು. ಖರ್ಜೂರದ ಬಿಸ್ಕತ್ತು ತಂದಿದ್ದರು, ನನಗೇ ಅಂತ. ಎರಡು ಕಾಗದಗಳನ್ನೂ ಪಕ್ಕ ಪಕ್ಕ ಇಟ್ಟೆ. ಏನೂ ವಿವರಿಸಬೇಕಾಗಲಿಲ್ಲ. ಓದಿದರು. ಬೆರಳು ತಾರೀಕಿನ ಮೇಲೆ ನಿಂತಿತು. ಇದನ್ನು ನೂರು ಸಲ ಓದಿದ್ದೇನೆ, ತಾರೀಕು ನೋಡಿಯೇ ಇಲ್ಲ ಎಂದರು. ನೋಡಲು ಇಷ್ಟವಿರಲಿಲ್ಲವೋ ಏನೋ ಎಂದೂ ಅವರೇ ಹೇಳಿದರು.

ಪ್ರೂಫ್ ಅಲ್ಲೇ ಬಿಟ್ಟು ಎದ್ದರು. ಟ್ಯಾಕ್ಸಿ ತನಕ ಬರುತ್ತೇನೆಂದೆ. ಬೇಡ ಎಂದರು, ತುಂಬಾ ಮರ್ಯಾದೆಯಿಂದ. ಅದೇ ಚುಚ್ಚಿದ್ದು.

ಬಿಸ್ಕತ್ತು ಯಾರೂ ಮುಟ್ಟಿಲ್ಲ.

ಮಾರ್ಚ್ 12. ಬುಧವಾರ

ಮೂರು ವಾರ ಆಗುತ್ತಾ ಬಂತು, ಸುದ್ದಿಯಿಲ್ಲ. ಫೋಲ್ಡರ್ ಡೆಸ್ಕ್‌ಟಾಪ್‌ನಲ್ಲಿ ಹಾಗೇ ಇದೆ. ಮತ್ತೆ ಟೈರ್. ಲಿಯೊನೆಲ್ ಸರ್ ಏನೂ ಅನ್ನುವುದಿಲ್ಲ, ಅದು ಅವರ ದೊಡ್ಡತನ.

ಶಿವು ಫೋನ್ ಎರಡೇ ನಿಮಿಷ. ಊಟ ಆತಾ. ಆತು. ಆನಿ ಸಾಹೇಬರನ್ನು ಕೇಳುವುದಿಲ್ಲ. ನಾಳೆ ಸಂಜೆ ಬರುತ್ತಾರಂತೆ.

ಮಾರ್ಚ್ 14. ಶುಕ್ರವಾರ. ಮಧ್ಯಾಹ್ನ

ಶಿವು ಹೊರಗೆ ಹೋಗಿದ್ದಾರೆ. ಎಲ್ಲಿಗೋ. ಬರೆಯದಿದ್ದರೆ ಕೂರಲಾಗುವುದಿಲ್ಲ.

ತಿಂಡಿ ಆದಮೇಲೆ ಚಹಾದ ಕಪ್ಪು ಹಿಡಿದು, ನನ್ನ ಕಡೆ ನೋಡದೆ ಹೇಳಿದರು. “ಅಪ್ಪು, ನಾ ಅವತ್ತ ರಜಾ ಕೇಳೇ ಇರ್ಲಿಲ್ಲ.”

ಯಾವತ್ತು ಎಂದು ಕೇಳಬೇಕಾಗಲಿಲ್ಲ. 2012ರ ನವೆಂಬರ್. ಮೂರು ತಿಂಗಳು ತುಂಬಿತ್ತು. ಬೆಳಿಗ್ಗೆ ಬಾತ್‌ರೂಮಿನಲ್ಲಿ... ಪಕ್ಕದ ಮನೆಯ ಆಮಿನ ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಖಲಾಸ್ ಆಯಿತು ಎಂದು ಗೊತ್ತಾದ ಮೇಲೆ ನಾನೇ ಫೋನ್ ಮಾಡಿದ್ದೆ. ಅಲ್ಲಿ ಪ್ಲಾಂಟ್ ಶಟ್‌ಡೌನ್, ಯಂತ್ರ ನಿಲ್ಲಿಸಿ ಹಗಲೂ ರಾತ್ರಿ ರಿಪೇರಿ, ಯಾರಿಗೂ ರಜೆಯಿಲ್ಲ ಎಂದು ಗೊತ್ತಿತ್ತು. ಬರಬ್ಯಾಡ್ರಿ, ಆರಾಮ ಇದ್ದೀನಿ ಎಂದಿದ್ದೆ. ಒಂಬತ್ತು ದಿನಕ್ಕೆ ಬಂದರು. ರಜೆ ಸಿಗಲಿಲ್ಲ ಎಂದರು. ನಾನು ನಂಬಿದೆ. ಅಲ್ಲಿಂದ ಇಲ್ಲಿಯತನಕ ಇಬ್ಬರೂ ಆ ಮಾತು ಎತ್ತಿಲ್ಲ.

ಸೂಪರ್‌ವೈಸರ್ ಅವರ ಮುಖ ನೋಡಿ ತಾನಾಗೇ ಕೇಳಿದ್ದನಂತೆ, ಮನೆಗೆ ಹೋಗುತ್ತೀಯಾ, ಗಾಡಿ ಕೊಡಿಸುತ್ತೇನೆ ಎಂದು. ಇವರು ಬೇಡ ಎಂದರಂತೆ. ಹೆಂಡತಿ ಆರಾಮ ಇದ್ದಾಳೆ ಎಂದರಂತೆ.

ಯಾಕೆ ಎಂದೆ.

“ನಿನ್ನ ಮಾರಿ ಹೆಂಗ ನೋಡ್ಲಿ ಅಂತ ಹೆದರಿದೆ. ಕೆಲಸದಾಗ ಇದ್ರ ಏನೂ ಆಗಿಲ್ಲ ಅನ್ನಿಸ್ತಿತ್ತು.”

ನಾನು ತಟ್ಟೆ ತೊಳೆದೆ. ಒಂದೇ ತಟ್ಟೆಯನ್ನು ಎಷ್ಟು ಸಲವೋ. ಅವರು ಚಪ್ಪಲಿ ಹಾಕಿಕೊಂಡು ಹೋದರು.

ಮಾರ್ಚ್ 15. ಶನಿವಾರ

ಇವತ್ತು ಹೋಗುವಾಗ ಚಟ್ನಿಪುಡಿ ತಾವೇ ಡಬ್ಬಿಗೆ ಹಾಕಿಕೊಂಡರು. ನಾನು ಬಾಗಿಲ ತನಕ ಹೋಗಲಿಲ್ಲ.

ಮಾರ್ಚ್ 19. ಬುಧವಾರ

ನಾಲ್ಕು ದಿನ ಫೋನ್ ಎತ್ತಿಲ್ಲ. ‘ಆರಾಮ ಇದ್ದೀನಿ’ ಎಂದು ಮೆಸೇಜ್ ಹಾಕಹೋದೆ. ಆ ಎರಡು ಪದ ನೋಡಿ ನನಗೇ ಅಸಹ್ಯವಾಗಿ ಅಳಿಸಿದೆ. ‘ಸಿಟ್ಟು ಬಂದದ’ ಎಂದು ಹಾಕಿದೆ. ಕೂಡಲೇ ಉತ್ತರ: ‘ಬರ್ಲಿ.’ ಮತ್ತೆ ಅರ್ಧ ಗಂಟೆಗೆ: ‘ಊಟ ಮಾಡು.’

ಮಾರ್ಚ್ 29. ಶನಿವಾರ. ಅಬುಧಾಬಿ ಬಸ್ಸಿನಲ್ಲಿ, ವಾಪಸ್ ಬರುತ್ತಾ

ಮಿಸೆಸ್ ಡೊರೊತಿ ಮೊನ್ನೆ ಪ್ರೆಸ್ಸಿಗೆ ಫೋನ್ ಮಾಡಿ ನನ್ನನ್ನೇ ಕೇಳಿದರು. ಮನೆಗೆ ಬರುತ್ತೀಯಾ ಎಂದು. ಖಾಲಿದಿಯಾದಲ್ಲಿ ಹನ್ನೊಂದನೆಯ ಮಹಡಿ. ಊಟದ ಟೇಬಲ್ ತುಂಬ ಕಾಗದ. ಅಮೆರಿಕದಲ್ಲಿರುವ ತಮ್ಮನಿಗೆ ಹೇಳಿ, ಅವನ ಅಟ್ಟದಲ್ಲಿದ್ದ ಲುಸಿಂಡಾಳ ಪೆಟ್ಟಿಗೆಯ ಕಾಗದಗಳ ಪ್ರತಿ ತರಿಸಿದ್ದಾರೆ. ಗಂಡಸಿನ ಚರಿತ್ರೆ ಬರೆಯುವಾಗ ಹೆಂಡತಿಯ ಪೆಟ್ಟಿಗೆ ತೆಗೆಯಬೇಕು ಅನ್ನಿಸಿರಲಿಲ್ಲ ನೋಡು ಎಂದರು.

ನನ್ನ ಮೇಲೆ ಸಿಟ್ಟಾಗಿದ್ದರಂತೆ. ಹತ್ತು ದಿನ. ಹನ್ನೊಂದನೆಯ ದಿನ ಎಲಿಫಲೆಟ್ ಮೇಲೆ ಸಿಟ್ಟು ಬಂತಂತೆ. ಆಮೇಲೆ ಅಜ್ಜಿಯ ಮೇಲೆ. ಹೇಳುತ್ತಾ ನಕ್ಕರು, ಕೆಮ್ಮು ಬರುವ ತನಕ.

ಲುಸಿಂಡಾ ಅಕ್ಕನಿಗೆ ಬರೆದ ಕಾಗದ ಅದೇ ವರ್ಷದ ನವೆಂಬರಿನದು. ಓದಿ ಹೇಳಿದರು. ನೆನಪಿರುವಷ್ಟು ಇಲ್ಲಿ:

‘ಬರಬೇಡ ಎಂದು ಬರೆದವಳು ನಾನೇ. ಆದರೂ ಅವನು ಗಾಡಿಯಿಂದ ಇಳಿದಾಗ ಸಂತೋಷಪಟ್ಟೆ. ಆಮೇಲೆ ತಾರೀಕು ಎಣಿಸಿದೆ. ಸಂತೋಷಪಟ್ಟದ್ದಕ್ಕೆ ನಾಚಿಕೆಯಾಯಿತು.’

ಊರಲ್ಲಿ ಒಬ್ಬ ಕ್ಷೌರಿಕ ಇದ್ದ, ಕಪ್ಪು ಜನಾಂಗದವನು. ಹಿಂದೆ ಯಾವಾಗಲೋ ದಕ್ಷಿಣದಿಂದ ತಪ್ಪಿಸಿಕೊಂಡು ಬಂದವನು. ಎಲಿಫಲೆಟ್‌ಗೆ ಹತ್ತು ವರ್ಷದಿಂದ ಗಡ್ಡ ಹೆರೆಯುತ್ತಿದ್ದವನು. ಕಾನೂನು ಬಂದ ಮರುತಿಂಗಳೇ ಹೆಂಡತಿ, ಮೂರು ಮಕ್ಕಳನ್ನು ಕಟ್ಟಿಕೊಂಡು ಕೆನಡಾಕ್ಕೆ ಹೊರಟ. ಲುಸಿಂಡಾ ಗಂಡನ ಕೈಗೆ ಕೋಟು ಕೊಟ್ಟು, ಹೋಗು, ಅವರ ಸಾಮಾನು ಏರಿಸು ಎಂದಳು. ಹೋದ. ಒಲೆಯನ್ನು ಗಾಡಿಗೆ ಎತ್ತಿಟ್ಟ. ಕ್ಷೌರಿಕ ಕೇಳಿದನಂತೆ, ನೀವು ‘ಬೇಡ’ ಎಂದಿರಿ ಅಲ್ಲವೇ ಸ್ವಾಮಿ? ಇವನು ಬಗ್ಗಿ ಒಲೆಗೆ ಹಗ್ಗ ಬಿಗಿದ.

ಅದಾದ ಶನಿವಾರ, ಚುನಾವಣೆಗೆ ಹತ್ತು ದಿನ ಇರುವಾಗ, ತುಂಬಿದ ಸಭೆಯಲ್ಲಿ ಎದ್ದು ಹೇಳಿದ. ‘ಅವತ್ತು ನಾನು ನನ್ನ ಕುರ್ಚಿಯಲ್ಲಿರಲಿಲ್ಲ. ನನ್ನ ಮಗುವಿಗೆ ಜ್ವರವಿರಲಿಲ್ಲ. ನನಗೆ ಭಯವಿತ್ತು.’ ಮೂರು ಗಂಟೆ ಮಾತಾಡುವ ಮನುಷ್ಯ ಅಷ್ಟೇ ಹೇಳಿ ಕೂತ. ಚುನಾವಣೆಯಲ್ಲಿ ಹೀನಾಯವಾಗಿ ಸೋತ. ಮತ್ತೆಂದೂ ದೊಡ್ಡ ಹುದ್ದೆಗೆ ನಿಲ್ಲಲಿಲ್ಲ. ಊರಿನ ಶಾಲಾ ಸಮಿತಿಯಲ್ಲಿ ಇಪ್ಪತ್ತೆರಡು ವರ್ಷ. ಬೇರೆಯವರ ಕೈಯಲ್ಲಿ ಗಡ್ಡ ಹೆರೆಸಿಕೊಳ್ಳಲೂ ಇಲ್ಲ.

ಲುಸಿಂಡಾಳ ಕೊನೆಯ ಸಾಲು: ‘ನಾನಿನ್ನೂ ಕ್ಷಮಿಸಿಲ್ಲ, ಅವನಿಗೂ ಗೊತ್ತು. ಆದರೆ ಸಭೆಯಿಂದ ಬಂದ ಮೇಲೆ ಮೊದಲ ಸಲ ನನ್ನ ಮುಖ ನೋಡಿ ಊಟ ಮಾಡಿದ.’

ಮಿಸೆಸ್ ಡೊರೊತಿ ಕನ್ನಡಕ ಒರೆಸುತ್ತಾ ಕೂತರು. ನಾನೂ ಏನೋ ಒರೆಸಿಕೊಂಡೆ. ಒಂಬತ್ತನೆಯ ಅಧ್ಯಾಯ ಮತ್ತೆ ಬರೆದಿದ್ದಾರೆ. ಕುಟುಂಬದಲ್ಲಿ ಕೆಲವರಿಗೆ ಹಿಡಿಸುವುದಿಲ್ಲ, ಹಿಡಿಸದಿದ್ದರೆ ಕೇಕ್ ತಿಂದು ಹೋಗಲಿ ಎಂದರು. ಲಿಫ್ಟಿನ ತನಕ ಬಂದು ಕೈ ಹಿಡಿದು, ನೀನು ತಾರೀಕು ನೋಡಿದ್ದು ಒಳ್ಳೆಯದಾಯಿತು ಎಂದರು.

ಏಪ್ರಿಲ್ 4. ಶುಕ್ರವಾರ. ಬೆಳಿಗ್ಗೆ

ನಿನ್ನೆ ಸಂಜೆ ಶಿವು ಬಂದರು. ಎರಡು ವಾರ ನಾನೇ ಬರಬ್ಯಾಡ್ರಿ ಎಂದಿದ್ದೆ. ಈ ಸಲ ಬರ್ರಿ ಎಂದೆ.

ಹೊಸ ಅಧ್ಯಾಯದ ಪ್ರಿಂಟ್ ಕೊಟ್ಟೆ. ಸೋಫಾ ತುದಿಯಲ್ಲಿ ಕೂತು ಇಂಗ್ಲಿಷನ್ನು ತುಟಿ ಅಲುಗಿಸಿ ಓದಿದರು. ಮುಗಿಸಿ ಹಾಳೆಗಳನ್ನು ಒಟ್ಟು ಮಾಡಿ, ತುದಿ ತಟ್ಟಿ, ತೊಡೆ ಮೇಲಿಟ್ಟುಕೊಂಡರು.

ಆಗ ನಾನು ಹೇಳಿದೆ. ಒಂದೂವರೆ ವರ್ಷದಿಂದ ಹೇಳದೆ ಇಟ್ಟುಕೊಂಡದ್ದು. “ಬರಬ್ಯಾಡ್ರಿ ಅಂದಿದ್ದು ನಾನೇ. ಆದ್ರ ಒಂಬತ್ತು ದಿನ ಬಾಗಿಲ ಕಡೆ ಮಾರಿ ಮಾಡೇ ಮಲಗಿದ್ದೆ.”

ಅವರು ಅತ್ತರು. ಸದ್ದಿಲ್ಲದೆ, ಭುಜ ಮಾತ್ರ. ಮದುವೆಯಾಗಿ ಆರು ವರ್ಷಕ್ಕೆ ಮೊದಲ ಸಲ ನೋಡಿದ್ದು. ನಾನು ಹತ್ತಿರ ಹೋಗಿ ಕೂತೆ. ಸಿಟ್ಟು ಹೋಯಿತು ಎಂದಲ್ಲ. ಸಿಟ್ಟೂ ಇತ್ತು, ಅವರ ಬೆವರಿನ ಅಂಗಿಯ ವಾಸನೆಯೂ ಬೇಕಿತ್ತು.

ಆ ಮಗುವಿನ ಬಗ್ಗೆ ಮಾತಾಡಿದೆವು. ಮೊದಲ ಸಲ. ಹೆಣ್ಣು ಎಂದೇ ಅವರೂ ಅಂದುಕೊಂಡಿದ್ದರಂತೆ. ಕಾಲಿನ ಸೈಜ್ ಗೊತ್ತಿಲ್ಲದೆ ರುವೈಸ್ ಮಾಲ್‌ನಲ್ಲಿ ಒಂದು ಜೊತೆ ಶೂ ಕೊಂಡಿದ್ದರಂತೆ. ಹಳದಿಯದು. ಬಾಳಪ್ಪನವರ ಅಲ್ಮೇರಾದಲ್ಲಿ ಇನ್ನೂ ಇದೆಯಂತೆ.

ಈಗ ಮಲಗಿದ್ದಾರೆ. ಹತ್ತಾಯಿತು. ಮಲಗಲಿ.

ಏಪ್ರಿಲ್ 20. ಭಾನುವಾರ

ಪುಸ್ತಕ ಆಯಿತು. ಅರವತ್ತು ಪ್ರತಿ, ನೀಲಿ ಬಟ್ಟೆಯ ರಟ್ಟು, ಶೀನಪ್ಪನವರ ಕೈಕೆಲಸ. ಮಿಸೆಸ್ ಡೊರೊತಿ ಒಂದನ್ನು ಮೂಗಿಗೆ ಹಿಡಿದು ವಾಸನೆ ನೋಡಿದರು. ಲಿಯೊನೆಲ್ ಸರ್ ಎಲ್ಲರಿಗೂ ಚಹಾ ತರಿಸಿ, ಮೊದಲಿನಿಂದಲೂ ಹೇಳುತ್ತಿದ್ದೆ, ಸರಿಯಾದ ಪುಸ್ತಕ ಎಂದು — ಎಂದರು. ನಾನು ಚಹಾ ಕುಡಿದೆ.

ಕೃತಜ್ಞತೆಯ ಪುಟದಲ್ಲಿ ನನ್ನ ಹೆಸರಿದೆ. ಟೈಪ್ ಮಾಡಿದವಳು ನಾನೇ, ಆದರೂ ಅಚ್ಚಿನಲ್ಲಿ ನೋಡಿದಾಗ ಬೇರೆ.

ಶಿವುಗೆ ನಾಳೆಯಿಂದ ಶಟ್‌ಡೌನ್. ಐದು ವಾರ ಬರುವಂತಿಲ್ಲ. ಈ ಸಲ ನಿಜವಾಗಿಯೂ ರಜೆ ಇಲ್ಲ, ಬೇಕಾದ್ರ ಬಾಳಪ್ಪಗ ಕೇಳು ಎಂದರು. ನಕ್ಕುಬಿಟ್ಟೆ. ಅವರೂ ನಕ್ಕರು. ಆಮೇಲೆ, “ನೀನ ಇಲ್ಲಿಗೆ ಬಾ” ಎಂದರು. ರುದ್ರವ್ವ ಊರಿಂದ ಬಂದು ಬಾಳಪ್ಪನವರಿಗೆ ಕಂಪನಿಯ ಫ್ಯಾಮಿಲಿ ಕ್ವಾರ್ಟರ್ಸ್ ಸಿಕ್ಕಿದೆ, ಅಲ್ಲಿ ಇರಬಹುದಂತೆ. ಸಂಜೆ ಎರಡು ಗಂಟೆ ಸಿಕ್ಕರೂ ಸಿಗಲಿ. ಆರು ವರ್ಷದಲ್ಲಿ ಅವರು ಕೇಳಿಲ್ಲ, ನಾನು ಹೋಗಿಲ್ಲ.

ಏಪ್ರಿಲ್ 24. ಗುರುವಾರ. ರುವೈಸ್ ಬಸ್ಸಿನಲ್ಲಿ

ಮಧ್ಯಾಹ್ನವೇ ಪ್ರೆಸ್ ಬಿಟ್ಟೆ. ಅಬುಧಾಬಿಯಲ್ಲಿ ಬಸ್ ಬದಲಿಸಿದೆ. ಇಷ್ಟು ಉದ್ದದ ದಾರಿ ಎಂದು ಗೊತ್ತಿರಲಿಲ್ಲ. ಎಡಕ್ಕೆ ಮರಳು, ಬಲಕ್ಕೆ ಆಗಾಗ ಸಮುದ್ರ, ಮತ್ತೆ ಮರಳು. ಇದನ್ನು ಅವರು ಪ್ರತಿ ವಾರ ಎರಡು ಸಲ... ಚಟ್ನಿಪುಡಿ ಮರೆತು ಹೋದರೆ ಬೈಯುತ್ತಿದ್ದೆ ನಾನು.

ಬಸ್ ಕುಲುಕಿ ಅಕ್ಷರ ಎಲ್ಲೆಲ್ಲೋ ಹೋಗುತ್ತಿದೆ. ದೂರದಲ್ಲಿ ರಿಫೈನರಿಯ ಬೆಂಕಿ ಕಾಣಿಸುತ್ತಿದೆ, ಇನ್ನೂ ಬೆಳಕಿರುವುದರಿಂದ ಮಸುಕು. ಪಕ್ಕದ ಸೀಟಿನ ಪಠಾಣ್ ಅಜ್ಜ ಯಲ್ಲಾ ಯಲ್ಲಾ, ನಡಿ ನಡಿ ಎಂದು ಮೂಟೆ ಕಟ್ಟುತ್ತಿದ್ದಾರೆ. ಬಂದೇಬಿಟ್ಟಿತು ಅನ್ನಿಸುತ್ತದೆ.

ಏಳಕ್ಕೆ ಶಿಫ್ಟ್ ಮುಗಿಯುತ್ತದೆ, ಸ್ಟಾಪಿನಲ್ಲಿ ರುದ್ರವ್ವ ಇರುತ್ತಾಳೆ ಎಂದಿದ್ದರು. ಈಗ ಐದೂ ಮುಕ್ಕಾಲು. ಸ್ಟಾಪ್ ಕಾಣುತ್ತಿದೆ. ರುದ್ರವ್ವನಂತೂ ಅಲ್ಲ. ರಿಫೈನರಿಯ ನೀಲಿ ಕವರಾಲ್ ಹಾಕಿಕೊಂಡು ಯಾರೋ ಒಬ್ಬರು, ಹೆಲ್ಮೆಟ್ ಕೂಡ ತೆಗೆದಿಲ್ಲ, ಬಸ್ಸಿನ ಒಂದೊಂದೇ ಕಿಟಕಿ ನೋಡುತ್ತಾ ಪಕ್ಕದಲ್ಲೇ ಓಡಿ—